ಮರುಳೋ, ಮನಸೋತದ್ದೋ?



ಹೊಸ ಹಾಡೊಂದು ನಿಮಗೆ ಹಿಡಿಸಿದೆ. ದಿನಕ್ಕೆ ಹತ್ತು ಸಲ ಅದನ್ನೇ ಕೇಳುತ್ತೀರಿ. ಗೆಳತಿಗೆ ‘ಐ ಆ್ಯಮ್ ಆಬ್ಸೆಸ್ಡ್’ ಎಂದು ಮೆಸೇಜ್ ಹಾಕುತ್ತೀರಿ. ಅಂಗಡಿಯಲ್ಲಿ ಕಂಡ ಶೂಗೂ ಅದೇ ಮಾತು, ಹೊಸ ವಿಡಿಯೋ ಗೇಮಿಗೂ ಅದೇ ಮಾತು, ಕಾಲೇಜಿಗೆ ಹೊಸದಾಗಿ ಬಂದ ಹುಡುಗನ ಬಗ್ಗೆಯೂ ಅದೇ ಮಾತು. ಇಂಗ್ಲಿಷಿನಲ್ಲಿ ಸದ್ಯಕ್ಕೆ ಒಂದೇ ಪದದಿಂದ ಕೆಲಸ ನಡೆದುಹೋಗುತ್ತದೆ.

ಅದನ್ನೇ ಕನ್ನಡದಲ್ಲಿ ಹೇಳಲು ಹೊರಟರೆ ಪದಗಳ ಸಾಲೇ ಎದುರು ನಿಲ್ಲುತ್ತದೆ. ಮನಸೋಲು, ಮರುಳಾಗು, ಮಾರುಹೋಗು, ಮೈಮರೆ, ಮೋಹ, ವ್ಯಾಮೋಹ, ಮಂತ್ರಮುಗ್ಧ, ತಲ್ಲೀನ, ತನ್ಮಯ, ಪರವಶ, ಗುಂಗು, ಹುಚ್ಚು, ಗೀಳು, ಬೆರಗು. ನಿಘಂಟು ನೋಡಿದರೆ ಇವಕ್ಕೆಲ್ಲ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟಂತೆ ಕಾಣುತ್ತದೆ. ಬಳಸುವಾಗ ಮಾತ್ರ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತಪ್ಪು ಪದ ಹಾಕಿದರೆ ಅಜ್ಜಿ ನಗಬಹುದು. ಕೆಲವು ಸಲ ಅಪ್ಪ ಅಮ್ಮನ ಜೊತೆ ದೊಡ್ಡ ಜಗಳವೇ ಆಗಬಹುದು.

ಇಂದಿನ ಮಾತು ಈ ಪದಗಳ ಬಗ್ಗೆ. ಕನ್ನಡದಲ್ಲಿ ಇಂಥ ಪ್ರತಿ ಪದದೊಳಗೂ ಒಂದು ತೀರ್ಪು ಅಡಗಿರುತ್ತದೆ. ‘ನನ್ನ ಮನಸ್ಸು ಅಲ್ಲಿ ಸಿಕ್ಕಿಕೊಂಡಿದೆ’ ಎಂದು ಹೇಳುವುದರ ಜೊತೆಗೆ, ಹಾಗೆ ಸಿಕ್ಕಿಕೊಂಡದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನೂ ಪದವೇ ಹೇಳಿಬಿಡುತ್ತದೆ. ಆ ತೀರ್ಪು ಗೊತ್ತಿದ್ದರೆ ಪದಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಸೋತರೂ ಬೇಸರವಿಲ್ಲ

ಮೊದಲು ‘ಮನಸೋಲು’. ಮನ ಮತ್ತು ಸೋಲು ಸೇರಿ ಆದ ಪದ. ಕ್ರಿಕೆಟ್ ಪಂದ್ಯದಲ್ಲಿ ತಂಡ ಸೋಲುತ್ತದಲ್ಲ, ಅದೇ ಸೋಲು. ‘ಅವಳ ಹಾಡಿಗೆ ಮನಸೋತೆ’ ಎಂದರೆ ಅವಳ ಹಾಡಿನ ಮುಂದೆ ನನ್ನ ಮನಸ್ಸು ಸೋತಿತು ಎಂದರ್ಥ. ಇದರ ಜೊತೆಯ ಪದಗಳೂ ಆಟದಿಂದ, ಯುದ್ಧದಿಂದ ಬಂದವೇ. ಹಾಡಿದವಳು ನಮ್ಮ ‘ಮನಗೆದ್ದಳು’. ಇಲ್ಲವೇ ನಮ್ಮ ‘ಮನಸೂರೆಗೊಂಡಳು’. ಸೂರೆ ಎಂದರೆ ಲೂಟಿ. ಊರಿಗೆ ನುಗ್ಗಿದ ಸೈನ್ಯ ಮನೆಮನೆ ದೋಚುವುದಕ್ಕೆ ಸೂರೆ ಎನ್ನುತ್ತಿದ್ದರು. ‘ಕಲಾವಿದರು ಪ್ರೇಕ್ಷಕರ ಮನಸೂರೆಗೊಂಡರು’ ಎಂದು ಕನ್ನಡ ಸಂಘದ ವರದಿಯಲ್ಲಿ ನೀವು ಓದಿರುತ್ತೀರಿ. ನೇರವಾಗಿ ಅರ್ಥ ಮಾಡಿದರೆ, ಕಲಾವಿದರು ಬಂದು ಎಲ್ಲರನ್ನೂ ಲೂಟಿ ಮಾಡಿಕೊಂಡು ಹೋದರು! ಆದರೂ ಅದು ಹೊಗಳಿಕೆ.

‘ಮಾರುಹೋಗು’ ಇನ್ನೊಂದು. ಮಾರು ಎಂದರೆ ವಿಕ್ರಯ ಮಾಡು. ‘ಆ ಊರಿನ ಚೆಲುವಿಗೆ ಮಾರುಹೋದೆ’ ಎಂದರೆ ಆ ಚೆಲುವಿಗೆ ನನ್ನನ್ನೇ ಕೊಟ್ಟುಕೊಂಡೆ ಎಂದಂತೆ.

ಮನಸೋಲು ಎಂಬ ಪದದಲ್ಲಿ ಸೋಲು ಇದ್ದರೂ ನಾಚಿಕೆ ಇಲ್ಲ. ಸೋತವರು ಸಂತೋಷದಿಂದಲೇ ಸೋತಿದ್ದಾರೆ. ಎದುರಿಗಿದ್ದದ್ದಕ್ಕೆ ಸೋಲಿಸುವಷ್ಟು ಯೋಗ್ಯತೆ ಇತ್ತು ಎಂದು ಒಪ್ಪಿಕೊಂಡಿದ್ದಾರೆ. ಹಾಗಾಗಿ ಹಾಡು, ಊರು, ಪುಸ್ತಕ, ಕಲೆ, ಮನುಷ್ಯ, ಯಾವುದಕ್ಕಾದರೂ ಧೈರ್ಯವಾಗಿ ಬಳಸಬಹುದು. ಒಂದು ಎಚ್ಚರಿಕೆ: ಇದು ಬರವಣಿಗೆಯ, ಭಾಷಣದ ಪದ. ಅಡುಗೆಮನೆಯಲ್ಲಿ ನಿಂತು ಅಮ್ಮನಿಗೆ ‘ನಿನ್ನ ಬಿಸಿಬೇಳೆಭಾತಿಗೆ ಮನಸೋತೆ’ ಎಂದರೆ ನಾಟಕದ ಡೈಲಾಗು ಹೊಡೆದಂತೆ ಕೇಳುತ್ತದೆ. ಮನೆಮಾತಿನಲ್ಲಿ ‘ತುಂಬಾ ಹಿಡಿಸ್ತು’ ಎಂದರೆ ಸಾಕು. ಮನುಷ್ಯರ ಬಗ್ಗೆಯಾದರೆ ‘ಅವನ ಮೇಲೆ ಮನಸ್ಸಾಗಿದೆ’ ಎಂಬ ಹಳೆಯ, ಮೆತ್ತಗಿನ ಮಾತಿದೆ.

ಮರುಳು: ಒಂದು ಪದ, ಹಲವು ಮುಖ

ಈಗ ‘ಮರುಳು’. ಇದು ಅಚ್ಚಕನ್ನಡ ಪದ, ತಮಿಳಿನಲ್ಲೂ ಇದರ ಸೋದರ ಪದ ಇದೆ. ಹಳಗನ್ನಡದಲ್ಲಿ ಮರುಳ್ ಎಂದರೆ ಬುದ್ಧಿ ಮಂಕಾಗುವುದು, ಹುಚ್ಚು, ಜೊತೆಗೆ ದೆವ್ವ ಕೂಡ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದುಹೋಗುವಾಗ ರಣರಂಗದಲ್ಲಿ ಓಡಾಡುವ ಮರುಳುಗಳು ಎದುರಾಗುತ್ತವೆ. ದೆವ್ವಕ್ಕೂ ದೆವ್ವ ಹಿಡಿದವರ ಬುದ್ಧಿಗೂ ಒಂದೇ ಹೆಸರು.

ಅದಕ್ಕೇ ಇಂದಿಗೂ ‘ಮರುಳಾಗು’ ಎಂಬ ಪದದಲ್ಲಿ ‘ಬುದ್ಧಿ ಕೈಕೊಟ್ಟಿತು’ ಎಂಬ ಸೂಚನೆ ಇರುತ್ತದೆ. ‘ಬಣ್ಣದ ಮಾತಿಗೆ ಮರುಳಾಗಬೇಡ’, ‘ಜಾಹೀರಾತಿಗೆ ಮರುಳಾದರು’, ‘ಆಮಿಷಕ್ಕೆ ಮರುಳಾಗಿ ಹಣ ಕಳೆದುಕೊಂಡರು’. ಆನ್‌ಲೈನ್ ವಂಚನೆಯ ಸುದ್ದಿ ಬರೆಯುವಾಗ ಕನ್ನಡ ಪತ್ರಿಕೆಗಳು ಬಿಡದೆ ಬಳಸುವ ಪದ ಇದು. ಇಲ್ಲಿ ಮರುಳಾದವರು ಮೋಸ ಹೋದವರು. ‘ಮರುಳು ಮಾಡಿದ’ ಎಂದರೆ ನಂಬಿಸಿ ಮೋಸ ಮಾಡಿದ. ಇದಕ್ಕೆ ಹತ್ತಿರದ ಇನ್ನೊಂದು ನುಡಿಗಟ್ಟು ‘ಮಂಕುಬೂದಿ ಎರಚು’. ಎದುರಿನವರ ಬುದ್ಧಿ ಮಂಕಾಗಲೆಂದು ಮಾಟಗಾರ ಬೂದಿ ಎರಚುತ್ತಾನೆ ಎಂಬ ನಂಬಿಕೆಯಿಂದ ಬಂದದ್ದು. ಈಗ ರಾಜಕಾರಣಿಗಳ ಮೇಲೆ ಈ ಆರೋಪ ಹೆಚ್ಚು.

ಹಾಗಾದರೆ ಮರುಳು ಯಾವಾಗಲೂ ಬೈಗುಳವೇ? ಅಲ್ಲ. ಅದರ ಹಿಂದೆ ಯಾವ ಪದ ಬರುತ್ತದೆ ಎಂಬುದನ್ನು ನೋಡಬೇಕು. ಮಾತು, ಆಮಿಷ, ಹಣ, ಜಾಹೀರಾತು ಇವಕ್ಕೆ ಮರುಳಾದರೆ ಮೋಸ. ಸಂಗೀತ, ನಗು, ಮಳೆ, ಬೆಟ್ಟ ಇವಕ್ಕೆ ಮರುಳಾದರೆ ಅದು ತನ್ನನ್ನೇ ಸ್ವಲ್ಪ ಗೇಲಿ ಮಾಡಿಕೊಳ್ಳುವ ಹೊಗಳಿಕೆ. ಮನುಷ್ಯರಿಗೆ ಮರುಳಾದರೆ? ಅಲ್ಲೇ ತೊಂದರೆ ಶುರು. ಅದು ಹೇಳುವವರು ಯಾರು ಎಂಬುದರ ಮೇಲೆ ನಿಂತಿದೆ. ಅದಕ್ಕೆ ಆಮೇಲೆ ಬರೋಣ.

‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆ ನಿಮ್ಮ ಮನೆಯಲ್ಲೂ ಕೇಳಿರಬಹುದು. ಯಾವುದೋ ಒಂದರ ಹಿಂದೆ ಎಲ್ಲರೂ ಓಡುತ್ತಿರುವಾಗ ಈ ಮಾತು ಬರುತ್ತದೆ. ಜಾತ್ರೆ ಜನರನ್ನು ಮರುಳು ಮಾಡಿತೋ, ಜನರೇ ಮರುಳಾಗಿ ಜಾತ್ರೆ ಮಾಡಿದರೋ? ಸೋಶಿಯಲ್ ಮೀಡಿಯಾದಲ್ಲಿ ಏನಾದರೂ ವೈರಲ್ ಆದಾಗಲೆಲ್ಲ ಈ ಗಾದೆ ಸಲೀಸಾಗಿ ಹೊಂದುತ್ತದೆ.

ಮರುಳ ಎಂಬುದೇ ಆಡುಮಾತಿನಲ್ಲಿ ‘ಮಳ್ಳ’ ಆಗಿದೆ. ‘ಮಳ್ಳನ ಹಾಗೆ ಆಡಬೇಡ’ ಎಂದರೆ ಏನೂ ಗೊತ್ತಿಲ್ಲದವನಂತೆ ನಟಿಸಬೇಡ ಎಂದು. ಹಾಗೆಂದು ಈ ಪದವನ್ನು ಕೀಳು ಎಂದು ತಿಳಿಯಬೇಡಿ. ಕರ್ನಾಟಕದಲ್ಲಿ ಮರುಳಸಿದ್ಧ, ಮರುಳಸಿದ್ದಪ್ಪ ಎಂಬ ಹೆಸರುಗಳಿವೆ. ‘ಶೂನ್ಯಸಂಪಾದನೆ’ಯಲ್ಲಿ ಮರುಳಶಂಕರದೇವ ಎಂಬ ಶರಣರ ಕಥೆ ಬರುತ್ತದೆ. ಕಲ್ಯಾಣದಲ್ಲಿ ಎಲ್ಲರ ನಡುವೆಯೇ ಇದ್ದರೂ ಯಾರ ಕಣ್ಣಿಗೂ ಬೀಳದೆ ಉಳಿದಿದ್ದವರು. ಅವರ ದೊಡ್ಡತನವನ್ನು ಗುರುತಿಸಿದವರು ಅಲ್ಲಮಪ್ರಭು. ಲೋಕದ ಲೆಕ್ಕದಲ್ಲಿ ಮರುಳ, ದೇವರ ಲೆಕ್ಕದಲ್ಲಿ ಸಿದ್ಧ. ಡಿ.ವಿ. ಗುಂಡಪ್ಪನವರೂ ತಮ್ಮ ಎರಡು ಕಗ್ಗಗಳಿಗೆ ಇಟ್ಟ ಹೆಸರು ನೋಡಿ: 1943ರಲ್ಲಿ ಬಂದದ್ದು ‘ಮಂಕುತಿಮ್ಮನ ಕಗ್ಗ’, ಅವರು ತೀರಿಕೊಂಡ ಮೇಲೆ ಅಚ್ಚಾದದ್ದು ‘ಮರುಳ ಮುನಿಯನ ಕಗ್ಗ’. ಒಬ್ಬ ಮಂಕು, ಇನ್ನೊಬ್ಬ ಮರುಳ. ಬುದ್ಧಿವಂತರು ತಮ್ಮನ್ನೇ ಹೀಗೆ ಕರೆದುಕೊಂಡಾಗ ಪದದ ಬಣ್ಣವೇ ಬದಲಾಗುತ್ತದೆ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಮರುಳು ಬೇರೆ, ಮರಳು ಬೇರೆ. ರು ಹೋಗಿ ರ ಆದರೆ ಅದು ಸಮುದ್ರದಂಡೆಯ ಮರಳು, ಇಲ್ಲವೇ ‘ಹಿಂತಿರುಗು’ ಎಂಬ ಕ್ರಿಯಾಪದ. ‘ಅವಳ ನಗುವಿಗೆ ಮರಳಾದೆ’ ಎಂದು ಬರೆದರೆ ನೀವು ಮರಳಿನ ರಾಶಿ ಆಗಿಬಿಡುತ್ತೀರಿ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯಲ್ಲಿ ವಯಸ್ಸಾದ ಮೇಲೆ ಬುದ್ಧಿ ಮಂಕಾಗುತ್ತದೆ ಎಂಬ ಅರ್ಥ ಇದೆ. ದ.ರಾ. ಬೇಂದ್ರೆ ಅದನ್ನೇ ತಿರುಗಿಸಿ, ಮರಳಿ ಅರಳುವುದು ಎಂಬ ಅರ್ಥವೂ ಹೊಳೆಯುವಂತೆ ತಮ್ಮ ಸಂಕಲನಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಒಬ್ಬ ರಾಣಿ, ಎರಡು ಪದ

ಮನಸೋಲು ಮತ್ತು ಮರುಳಾಗು ಇವೆರಡರ ವ್ಯತ್ಯಾಸ ತಿಳಿಯಲು ಒಂದು ಹಳೆಯ ಕಥೆ ಸಾಕು. ಜನ್ನ ಎಂಬ ಕವಿ 13ನೆಯ ಶತಮಾನದ ಆರಂಭದಲ್ಲಿ ‘ಯಶೋಧರ ಚರಿತೆ’ ಬರೆದ. ಅದರಲ್ಲಿ ಅಮೃತಮತಿ ಎಂಬ ರಾಣಿ ಇದ್ದಾಳೆ. ಗಂಡ ಯಶೋಧರ ರಾಜ, ಚೆಲುವ, ಅವಳೆಂದರೆ ಪ್ರಾಣ. ಒಂದು ರಾತ್ರಿ ಅರಮನೆಯ ಆನೆಲಾಯದ ಕಡೆಯಿಂದ ಹಾಡು ಕೇಳಿಬರುತ್ತದೆ. ಹಾಡುತ್ತಿರುವವನು ಅಷ್ಟಾವಂಕ ಎಂಬ ಮಾವುತ. ಅವನನ್ನು ಅವಳು ನೋಡಿಲ್ಲ, ದನಿ ಮಾತ್ರ ಕೇಳಿದ್ದಾಳೆ. ನೋಡಿಕೊಂಡು ಬಾ ಎಂದು ದಾಸಿಯನ್ನು ಕಳಿಸುತ್ತಾಳೆ. ದಾಸಿ ಹಿಂತಿರುಗಿ ಬಂದು, ಅವನಷ್ಟು ಕುರೂಪಿ ಇನ್ನಿಲ್ಲ ಎಂದು ವರದಿ ಕೊಡುತ್ತಾಳೆ. ರಾಣಿಯ ಮನಸ್ಸು ಕದಲುವುದಿಲ್ಲ. ಅಲ್ಲಿಂದ ಮುಂದೆ ಕಥೆ ಕೊಲೆ, ಪಾಪ, ಜನ್ಮಾಂತರಗಳವರೆಗೆ ಹೋಗುತ್ತದೆ.

ಈಗ ನೀವು ಹೇಳಿ. ಅಮೃತಮತಿ ಹಾಡಿಗೆ ಮನಸೋತಳೋ, ಮರುಳಾದಳೋ?

ದಾಸಿಯನ್ನು ಕೇಳಿದರೆ ಮರುಳಾದಳು ಎನ್ನುತ್ತಾಳೆ. ಗಂಡನಿಗೂ ಹಾಗೆಯೇ ಕಾಣುತ್ತದೆ. ರಾಣಿಯನ್ನು ಕೇಳಿದರೆ ‘ಮನಸೋತೆ’ ಎನ್ನುವಳು. ನಡೆದದ್ದು ಒಂದೇ. ಹೊರಗಿನಿಂದ ನೋಡಿದವರಿಗೆ ಒಂದು ಪದ, ಒಳಗಿನಿಂದ ಅನುಭವಿಸಿದವರಿಗೆ ಇನ್ನೊಂದು ಪದ. ಏಳುನೂರು ವರ್ಷಗಳಾದ ಮೇಲೆ ಗಿರೀಶ ಕಾರ್ನಾಡರು ಇದೇ ಕಥೆಯನ್ನು ಎತ್ತಿಕೊಂಡು ‘ಹಿಟ್ಟಿನ ಹುಂಜ’ ನಾಟಕ ಬರೆದರು. ಅಲ್ಲಿ ರಾಣಿಯ ಮಾತಿಗೂ ಜಾಗ ಸಿಕ್ಕಿತು. ಹೀಗೆ ಒಂದೇ ಪ್ರಸಂಗಕ್ಕೆ ಯಾವ ಪದ ಹಾಕಬೇಕು ಎಂಬ ವಾದ ಕನ್ನಡದಲ್ಲಿ ಬಹಳ ಹಳೆಯದು.

ಮೋಹದ ಮನೆತನ

ಸಂಸ್ಕೃತದಿಂದ ಬಂದ ದೊಡ್ಡ ಕುಟುಂಬ ‘ಮೋಹ’ದ್ದು. ಮೂಲ ಧಾತು ‘ಮುಹ್’, ಬುದ್ಧಿ ಗೊಂದಲಗೊಳ್ಳುವುದು ಎಂದು ಅದರ ಅರ್ಥ. ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ ಎಂಬ ಆರು ಶತ್ರುಗಳ ಪಟ್ಟಿಯಲ್ಲಿ ಮೋಹಕ್ಕೆ ನಾಲ್ಕನೆಯ ಸ್ಥಾನ. ಅದೇ ಕುಟುಂಬದಲ್ಲಿ ಕೃಷ್ಣನ ಹೆಸರು ಮೋಹನ, ಕರ್ನಾಟಕ ಸಂಗೀತ ಕಲಿತವರಿಗೆ ಗೊತ್ತಿರುವ ಮೋಹನ ರಾಗ, ‘ಮೋಹಕ ನಗು’ ಎಂಬಲ್ಲಿನ ಮೋಹಕ ಕೂಡ ಇವೆ. ಶತ್ರುವೂ ಅದೇ ಮನೆಯವನು, ದೇವರೂ ಅದೇ ಮನೆಯವನು.

ಇನ್ನೂ ತಮಾಷೆಯ ಸಂಗತಿ ಇದೆ. ಅದೇ ಮುಹ್ ಧಾತುವಿನಿಂದ ಮುಗ್ಧ, ಮೂಢ ಎಂಬ ಎರಡು ರೂಪಗಳು ಬಂದಿವೆ. ಅವಳಿ ಜವಳಿ ಮಕ್ಕಳಿದ್ದಂತೆ. ಬೆಳೆದದ್ದು ಮಾತ್ರ ಬೇರೆ ಬೇರೆ ದಾರಿಯಲ್ಲಿ. ಕನ್ನಡದಲ್ಲಿ ಮುಗ್ಧ ಎಂದರೆ ಕಪಟ ಅರಿಯದವನು. ‘ಮುಗ್ಧ ಮಗು’ ಎನ್ನುತ್ತೇವೆ. ಮೂಢ ಎಂದರೆ ಪೆದ್ದ. ಮೂಢನಂಬಿಕೆ ಎಂಬ ಪದ ನಿಮಗೆ ಗೊತ್ತು. ಆದ್ದರಿಂದ ‘ನಾನು ಆ ಹಾಡು ಕೇಳಿ ಮುಗ್ಧಳಾದೆ’ ಎಂದು ಹೇಳಿದರೆ ಕೇಳುವವರಿಗೆ ಗಲಿಬಿಲಿ ಆಗುತ್ತದೆ. ಹಾಡು ಕೇಳಿ ಕಪಟವೆಲ್ಲ ಹೋಯಿತೇ ಎಂದುಕೊಳ್ಳುತ್ತಾರೆ! ಅಲ್ಲಿ ಬೇಕಾದದ್ದು ‘ಮಂತ್ರಮುಗ್ಧ’. ಮಂತ್ರ ಹಾಕಿದಂತೆ ಸ್ತಬ್ಧರಾಗಿ ಕೂತವರು ಮಂತ್ರಮುಗ್ಧರು. ಇದು ಸಭೆಯ ಪದ. ಒಬ್ಬರಿಗಿಂತ ಪ್ರೇಕ್ಷಕರ ಗುಂಪಿಗೆ ಚೆನ್ನಾಗಿ ಹೊಂದುತ್ತದೆ. ‘ಕೊಳಲುವಾದನ ಸಭಿಕರನ್ನು ಮಂತ್ರಮುಗ್ಧಗೊಳಿಸಿತು’ ಎಂಬಂತೆ. ಇಂಗ್ಲಿಷಿನ ‘ಮೆಸ್ಮರೈಸ್’ಗೆ ಇದೇ ಹತ್ತಿರದ ಪದ. ಆ ಇಂಗ್ಲಿಷ್ ಪದ ಬಂದದ್ದು ಫ್ರಾಂಟ್ಸ್ ಮೆಸ್ಮರ್ (1734–1815) ಎಂಬ ವೈದ್ಯನ ಹೆಸರಿನಿಂದ. ಕನ್ನಡದಲ್ಲಿ ಆ ಕೆಲಸಕ್ಕೆ ವೈದ್ಯ ಬೇಡ, ಮಂತ್ರ ಸಾಕು.

ಮೋಹದ ಅಪಾಯ ತಿಳಿಯಬೇಕಾದರೆ ಯಕ್ಷಗಾನದ ‘ಭಸ್ಮಾಸುರ ಮೋಹಿನಿ’ ಪ್ರಸಂಗ ನೆನೆಯಿರಿ. ತಾನು ಯಾರ ತಲೆಯ ಮೇಲೆ ಕೈ ಇಟ್ಟರೂ ಅವರು ಬೂದಿಯಾಗಬೇಕು ಎಂಬ ವರವನ್ನು ಭಸ್ಮಾಸುರ ಶಿವನಿಂದ ಪಡೆದು, ಶಿವನನ್ನೇ ಸುಡಲು ಹೊರಡುತ್ತಾನೆ. ವಿಷ್ಣು ಮೋಹಿನಿಯಾಗಿ ಎದುರು ಬರುತ್ತಾನೆ. ಅವಳು ಕುಣಿದಂತೆ ಭಸ್ಮಾಸುರ ಕುಣಿಯುತ್ತಾನೆ. ಅವಳು ತಲೆಯ ಮೇಲೆ ಕೈ ಇಟ್ಟಾಗ ಅವನೂ ಇಟ್ಟುಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ಕೈಯಲ್ಲಿದ್ದ ಶಕ್ತಿಯನ್ನೇ ಮರೆಸುವಂಥದ್ದು ಮೋಹ.

ಮೋಹಕ್ಕೆ ‘ವಿ’ ಮತ್ತು ‘ಆ’ ಸೇರಿದರೆ ‘ವ್ಯಾಮೋಹ’. ಇದು ಪೂರ್ತಿ ದೂಷಣೆ. ಧೃತರಾಷ್ಟ್ರನದು ಪುತ್ರವ್ಯಾಮೋಹ. ಕರ್ನಾಟಕದಲ್ಲಿ ಕನ್ನಡ ಶಾಲೆಗಳ ಚರ್ಚೆ ಬಂದಾಗಲೆಲ್ಲ ‘ಇಂಗ್ಲಿಷ್ ವ್ಯಾಮೋಹ’ ಎಂಬ ಮಾತು ಬರುತ್ತದೆ. ‘ವಿದೇಶ ವ್ಯಾಮೋಹ’ ಎಂಬುದೂ ಇದೆ, ಅದು ನಮ್ಮೆಲ್ಲರ ಮನೆಗೆ ಸಂಬಂಧಿಸಿದ್ದು. ನಿಮ್ಮ ಅಪ್ಪ ಅಮ್ಮ ಊರು ಬಿಟ್ಟು ಹೊರಟಾಗ ಯಾರಾದರೂ ಬಂಧುಗಳು ಈ ಪದ ಆಡಿರಬಹುದು. ಹೊರಟವರ ಬಾಯಲ್ಲಿ ಅದು ಕೆಲಸ, ಓದು, ಅವಕಾಶ. ಉಳಿದವರ ಬಾಯಲ್ಲಿ ವ್ಯಾಮೋಹ. ಗಮನಿಸಿ ನೋಡಿ, ‘ನನಗೆ ವ್ಯಾಮೋಹ’ ಎಂದು ತನ್ನ ಬಗ್ಗೆ ಹೇಳಿಕೊಳ್ಳುವವರು ತೀರ ಅಪರೂಪ. ಆ ಪದ ಸದಾ ಬೇರೆಯವರಿಗೆ ಮೀಸಲು.

ಮೈ ಮರೆಯುವುದು

ಇಷ್ಟು ಹೊತ್ತು ಮನಸ್ಸಿನ ಪದಗಳನ್ನು ನೋಡಿದೆವು. ‘ಮೈಮರೆ’ ದೇಹದ ಪದ. ತನಗೆ ಮೈ ಇದೆ, ತಾನು ಇಲ್ಲಿದ್ದೇನೆ ಎಂಬುದೇ ಮರೆತುಹೋಗುವ ಸ್ಥಿತಿ. ‘ಓದಿನಲ್ಲಿ ಮೈಮರೆತಳು’ ಎಂದರೆ ಹೊಟ್ಟೆ ಹಸಿದದ್ದೂ ಗೊತ್ತಾಗಲಿಲ್ಲ. ಚೆಂದದ ಪದ. ಆದರೆ ಇದೇ ಪದ ಎಚ್ಚರಿಕೆಯ ಫಲಕದಲ್ಲೂ ಬರುತ್ತದೆ. ಕೊರೊನಾ ಕಾಲದಲ್ಲಿ ಕನ್ನಡ ಪತ್ರಿಕೆಗಳು ‘ಮೈಮರೆಯಬೇಡಿ’ ಎಂದು ಮತ್ತೆ ಮತ್ತೆ ಬರೆದವು. ‘ಮೊದಲ ಪಂದ್ಯ ಗೆದ್ದ ತಂಡ ಮೈಮರೆಯಿತು’ ಎಂದರೆ ಅಜಾಗರೂಕವಾಯಿತು ಎಂದು. ಕಲೆಯಲ್ಲಿ ಮೈಮರೆತರೆ ಹೊಗಳಿಕೆ, ಕೆಲಸದಲ್ಲಿ ಎಚ್ಚರ ತಪ್ಪಿ ಮೈಮರೆತರೆ ಬೈಗುಳ.

ಈ ಎರಡೂ ಅರ್ಥಗಳು ಒಂದೇ ದೃಶ್ಯದಲ್ಲಿ ಕಾಣಬೇಕಾದರೆ 1974ರ ‘ಭಕ್ತ ಕುಂಬಾರ’ ಚಿತ್ರ ನೋಡಿ. ಡಾ. ರಾಜ್‌ಕುಮಾರ್ ಅದರಲ್ಲಿ ಗೋರ ಕುಂಬಾರನ ಪಾತ್ರ ಮಾಡಿದ್ದಾರೆ. ವಿಠ್ಠಲನ ನಾಮ ಹಾಡುತ್ತಾ, ಕುಣಿಯುತ್ತಾ ಜೇಡಿಮಣ್ಣು ತುಳಿಯುತ್ತಿದ್ದಾನೆ. ಅಂಬೆಗಾಲಿಡುತ್ತಾ ಬಂದ ಅವನದೇ ಮಗು ಕಾಲಡಿಗೆ ಸಿಕ್ಕುತ್ತದೆ. ಅವನಿಗೆ ತಿಳಿಯುವುದೇ ಇಲ್ಲ. ಭಕ್ತಿಯಲ್ಲಿ ಅವನಷ್ಟು ಮೈಮರೆತವರಿಲ್ಲ, ಮಗುವಿನ ವಿಷಯದಲ್ಲಿ ಅವನಷ್ಟು ಮೈಮರೆತವರೂ ಇಲ್ಲ. ಅವನ ಹೆಂಡತಿಯ ಅಳು ಕೇಳುವಾಗ ಈ ಪದದ ಎರಡೂ ಬದಿ ಅರ್ಥವಾಗುತ್ತವೆ.

ಮೈಮರೆಯುವುದಕ್ಕೆ ಹತ್ತಿರದ ಸಂಸ್ಕೃತ ಪದಗಳು ಮೂರು. ‘ತಲ್ಲೀನ’ ಎಂದರೆ ಅದರಲ್ಲಿ ಲೀನ, ಕರಗಿದವನು. ‘ತನ್ಮಯ’ ಎಂದರೆ ಅದೇ ಆಗಿಬಿಟ್ಟವನು. ‘ಪರವಶ’ ಎಂದರೆ ಇನ್ನೊಂದರ ವಶಕ್ಕೆ ಹೋದವನು. ಮೊದಲ ಎರಡರಲ್ಲಿ ನಿಂದೆಯ ಸುಳಿವೇ ಇಲ್ಲ. ಪ್ರೋಗ್ರಾಂ ಬರೆಯುವಾಗ, ಚಿತ್ರ ಬಿಡಿಸುವಾಗ, ವೀಣೆ ನುಡಿಸುವಾಗ ನೀವು ತಲ್ಲೀನರಾಗಿದ್ದೀರಿ ಎಂದರೆ ಶುದ್ಧ ಪ್ರಶಂಸೆ. ಇಲ್ಲಿ ಬುದ್ಧಿ ಕೆಟ್ಟಿಲ್ಲ, ಒಂದೇ ಕಡೆ ನಿಂತಿದೆ. ಪರವಶ ಸ್ವಲ್ಪ ಬೇರೆ. ಭಕ್ತಿಪರವಶ, ಆನಂದಪರವಶ ಎಂದು ಒಂದು ಭಾವದ ಹೆಸರು ಸೇರಿಸಿಯೇ ಹೆಚ್ಚಾಗಿ ಬಳಸುತ್ತೇವೆ. ಅದೇ ‘ವಶ’ದಿಂದ ‘ವಶೀಕರಣ’ವೂ ಬಂದಿದೆ, ಇನ್ನೊಬ್ಬರ ಮನಸ್ಸನ್ನು ಬಲವಂತವಾಗಿ ವಶಕ್ಕೆ ತೆಗೆದುಕೊಳ್ಳುವುದು. ‘ಪ್ರೇಮ ವಶೀಕರಣ’ ಎಂಬ ಜಾಹೀರಾತು ಎಲ್ಲಾದರೂ ಕಂಡರೆ ಹಣ ಕಳಿಸಬೇಡಿ. ಅದಕ್ಕೆ ಮರುಳಾದವರನ್ನು ಕನ್ನಡ ಏನೆನ್ನುತ್ತದೆ ಎಂಬುದು ನಿಮಗೆ ಈಗಾಗಲೇ ಗೊತ್ತು.

ಗುಂಗು, ಹುಚ್ಚು, ಗೀಳು

ಕೆಲವು ಪದಗಳು ಎಷ್ಟು ಹೊತ್ತು ಎಂಬುದನ್ನು ಹೇಳುತ್ತವೆ. ಬೆರಗು ಒಂದು ಗಳಿಗೆಯದು. ಗುಂಗು ಉಳಿಯುವಂಥದ್ದು. ಕಛೇರಿ ಮುಗಿದು ಮನೆಗೆ ಬಂದಿರಿ, ಊಟ ಆಯಿತು, ಆದರೂ ತಲೆಯಲ್ಲಿ ಆ ರಾಗ ಸುತ್ತುತ್ತಿದೆ. ಆಗ ನೀವು ‘ಅದೇ ಗುಂಗಿನಲ್ಲಿ’ ಇದ್ದೀರಿ. ನೀವು ‘ಆಬ್ಸೆಸ್ಡ್’ ಎಂದು ಬರೆದ ಆ ಹಾಡಿಗೆ ಸರಿಯಾದ ಕನ್ನಡ ಇದು: ‘ಎರಡು ದಿನದಿಂದ ಅದೇ ಹಾಡಿನ ಗುಂಗಲ್ಲಿದೀನಿ.’ ಮನೆಮಾತಿನಲ್ಲಿ ಸಲೀಸಾಗಿ ಬರುವ ಪದ.

ಇನ್ನೂ ಉದ್ದವಾದದ್ದು ‘ಹುಚ್ಚು’. ಕ್ರಿಕೆಟ್ ಹುಚ್ಚು, ಸಿನಿಮಾ ಹುಚ್ಚು, ಯಕ್ಷಗಾನದ ಹುಚ್ಚು, ಓದುವ ಹುಚ್ಚು. ಕಾಯಿಲೆಯ ಹೆಸರಾದರೂ ಇಲ್ಲಿ ಅದರಲ್ಲಿ ಅಕ್ಕರೆ ಇದೆ. ‘ನಮ್ಮ ತಾತನಿಗೆ ನಾಟಕದ ಹುಚ್ಚು’ ಎನ್ನುವಾಗ ಮನೆಯವರ ಮುಖದಲ್ಲಿ ನಗು ಇರುತ್ತದೆ. ಅದೇ ‘ಗೀಳು’ ಎಂದರೆ ನಗು ಹೋಗುತ್ತದೆ. ಮೊಬೈಲ್ ಗೀಳು, ಗೇಮಿಂಗ್ ಗೀಳು. ಬಿಡಬೇಕೆಂದರೂ ಬಿಡಲಾಗದ್ದು ಗೀಳು. ಅಮ್ಮ ನಿಮ್ಮ ಗೇಮಿಗೆ ಹುಚ್ಚು ಎಂದಳೋ ಗೀಳು ಎಂದಳೋ ಎಂದು ಕಿವಿಗೊಟ್ಟು ಕೇಳಿ. ಗೀಳು ಎಂದಿದ್ದರೆ ಅವಳಿಗೆ ನಿಜವಾಗಿ ಚಿಂತೆಯಾಗಿದೆ ಎಂದರ್ಥ.

ಬೆರಗು ಮಾತ್ರ ಇವೆಲ್ಲದರಿಂದ ಬೇರೆ ನಿಲ್ಲುತ್ತದೆ. ಬೆರಗಾದವರು ಸೋತಿಲ್ಲ, ಮಾರುಹೋಗಿಲ್ಲ, ಮೈಮರೆತಿಲ್ಲ. ಬಿಟ್ಟ ಕಣ್ಣು ಬಿಟ್ಟಂತೆ ನಿಂತು ನೋಡುತ್ತಿದ್ದಾರೆ, ಅಷ್ಟೇ. ಜೋಗದ ಜಲಪಾತವನ್ನೋ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯನ್ನೋ ಮೊದಲ ಸಲ ಕಂಡಾಗ ಆಗುವುದು ಇದು. ಇದರಲ್ಲಿ ಯಾರೂ ನಿಮ್ಮನ್ನು ತಪ್ಪು ತಿಳಿಯುವುದಿಲ್ಲ. ಪದ ನೆನಪಾಗದೆ ಸಂದೇಹ ಬಂದಾಗ ‘ಬೆರಗಾದೆ’ ಎಂದರೆ ಕ್ಷೇಮ.

ಒಂದು ಸಣ್ಣ ಸೂತ್ರ

ವ್ಯಾಕರಣ ಎಂದರೆ ಓಡಬೇಡಿ, ಇದು ಎರಡೇ ನಿಮಿಷದ ವಿಷಯ. ಪದದ ಹಿಂದೆ ಬರುವ ಪ್ರತ್ಯಯವನ್ನು ನೋಡಿ.

‘ಗೆ’ ಅಥವಾ ‘ಕ್ಕೆ’ ಬರುವ ಪದಗಳು: ಹಾಡಿಗೆ ಮನಸೋತೆ, ಮಾತಿಗೆ ಮರುಳಾದೆ, ಸೌಂದರ್ಯಕ್ಕೆ ಮಾರುಹೋದೆ. ಇಲ್ಲಿ ಎದುರಿಗೆ ಒಬ್ಬರಿದ್ದಾರೆ, ಅವರಿಗೆ ನೀವು ಏನನ್ನೋ ಬಿಟ್ಟುಕೊಟ್ಟಿದ್ದೀರಿ.

‘ಅಲ್ಲಿ’ ಬರುವ ಪದಗಳು: ಓದಿನಲ್ಲಿ ಮೈಮರೆತೆ, ಕೆಲಸದಲ್ಲಿ ತಲ್ಲೀನಳಾದೆ, ಹಾಡಿನ ಗುಂಗಿನಲ್ಲಿದ್ದೆ. ಇಲ್ಲಿ ಎದುರಾಳಿ ಇಲ್ಲ. ಕೆರೆಗೆ ಇಳಿದಂತೆ ನೀವು ಅದರೊಳಗೆ ಇಳಿದಿದ್ದೀರಿ.

‘ಕಂಡು’, ‘ನೋಡಿ’, ‘ಕೇಳಿ’ ಬರುವ ಪದ: ಜಲಪಾತ ಕಂಡು ಬೆರಗಾದೆ. ಇಲ್ಲಿ ನೀವು ದಡದಲ್ಲೇ ನಿಂತಿದ್ದೀರಿ.

ಯಾವ ಪ್ರತ್ಯಯ ಎಂದು ಗೊಂದಲವಾದರೆ, ಎದುರಿಗೆ ಸೋತೆನೋ, ಒಳಗೆ ಇಳಿದೆನೋ, ದಡದಲ್ಲಿ ನಿಂತೆನೋ ಎಂದು ಕೇಳಿಕೊಳ್ಳಿ. ಉತ್ತರ ತಾನಾಗಿ ಬರುತ್ತದೆ.

ಮನೆಯಲ್ಲಿ ಈ ಪದಗಳು

ಇಷ್ಟೆಲ್ಲ ಯಾಕೆ ಬೇಕು ಎಂದು ಕೇಳಬಹುದು. ಹೊರದೇಶದ ಕನ್ನಡ ಮನೆಗಳಲ್ಲಿ ದೊಡ್ಡ ಮಾತುಕತೆಗಳು ಇಂಥ ಪದಗಳ ಮೇಲೆಯೇ ನಿಲ್ಲುತ್ತವೆ, ಅದಕ್ಕೆ.

ಮಗಳು ಎಂಜಿನಿಯರಿಂಗ್ ಬಿಟ್ಟು ಅನಿಮೇಷನ್ ಓದುತ್ತೇನೆ ಎನ್ನುತ್ತಾಳೆ. ಮಗ ಒಬ್ಬ ಹುಡುಗಿಯನ್ನು ಮೆಚ್ಚಿದ್ದಾನೆ, ಅವಳ ಮನೆಮಾತು ಬೇರೆ. ಅಪ್ಪ ಅಮ್ಮ ಗಾಬರಿಯಾಗಿ ಮೊದಲು ಆಡುವ ಮಾತು, ‘ಯಾರದೋ ಮಾತಿಗೆ ಮರುಳಾಗಿದೀಯ’. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಅಪ್ಪ ಅಮ್ಮನಿಗೆ ಆ ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ಮರುಳು ಎಂಬ ಆರೋಪಕ್ಕೆ ಉತ್ತರ ಸಿಕ್ಕಿದಂತೆ ಅನಿಸುವುದಿಲ್ಲ. ಅವರು ಆಡಿದ ಪದದೊಳಗೆ ಬುದ್ಧಿ ಮಂಕಾಗಿದೆ, ಯಾರೋ ಮೋಸ ಮಾಡಿದ್ದಾರೆ ಎಂಬ ಭಯ ಇದೆ. ಆ ಭಯಕ್ಕೆ ಉತ್ತರ ಅದೇ ಭಾಷೆಯಲ್ಲಿ ಬಂದರೆ ಬೇಗ ಮುಟ್ಟುತ್ತದೆ.

‘ಮರುಳಲ್ಲ ಅಮ್ಮ. ಮೂರು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಕೂತ್ರೆ ಊಟ ನಿದ್ದೆ ನೆನಪಾಗಲ್ಲ, ಅಷ್ಟು ತಲ್ಲೀನಳಾಗ್ತೀನಿ.’

‘ಅಪ್ಪ, ನನಗೆ ಅವಳ ಮೇಲೆ ಮನಸ್ಸಾಗಿದೆ. ಮೋಹ ಅಂದ್ಕೋಬೇಡಿ. ಯೋಚನೆ ಮಾಡಿಯೇ ಹೇಳ್ತಿದೀನಿ.’

ಇಷ್ಟು ಹೇಳಿದ ಮಾತ್ರಕ್ಕೆ ಅವರು ಒಪ್ಪಿಬಿಡುತ್ತಾರೆ ಎಂದು ನಾನು ಹೇಳುವುದಿಲ್ಲ. ಆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಮರುಳೋ ಅಲ್ಲವೋ ಎಂಬುದು ಚರ್ಚೆಗೆ ಬರುತ್ತದೆ. ಎಷ್ಟು ದಿನದಿಂದ, ಯಾಕೆ, ಹೇಗೆ ಎಂಬ ಪ್ರಶ್ನೆಗಳು ಬರುತ್ತವೆ. ಅವಕ್ಕೆ ನಿಮ್ಮಲ್ಲಿ ಉತ್ತರ ಇದ್ದರೆ ಮನಸೋತದ್ದು, ಇಲ್ಲದಿದ್ದರೆ ಅಮ್ಮ ಹೇಳಿದ್ದರಲ್ಲೂ ಸ್ವಲ್ಪ ನಿಜ ಇರಬಹುದು. ಹಿರಿಯರು ಮರುಳು ಎಂದಾಗಲೆಲ್ಲ ತಪ್ಪಿರುತ್ತಾರೆ ಎಂದೇನಿಲ್ಲ. ಸ್ಕ್ರೀನಿನಲ್ಲಿ ಮಾತ್ರ ಕಂಡ ವ್ಯಕ್ತಿ ಹಣ ಕೇಳಲು ಶುರುಮಾಡಿದ್ದರೆ ಅವರ ಪದವೇ ಸರಿ, ಆಗ ಕೇಳಿಸಿಕೊಳ್ಳಿ.

ಮುಂದಿನ ಸಲ ಯಾವುದಾದರೂ ನಿಮ್ಮನ್ನು ಹಿಡಿದು ನಿಲ್ಲಿಸಿದಾಗ ಒಂದು ಕ್ಷಣ ತಡೆದು, ಈ ಪದಗಳಲ್ಲಿ ಯಾವುದು ಸರಿ ಎಂದು ಹುಡುಕಿ ನೋಡಿ. ಊರಿಗೆ ಫೋನ್ ಮ‌ಾಡಿದಾಗ ಅಜ್ಜಿಗೋ ತಾತನಿಗೋ ‘ನಿಮಗೆ ಯಾವುದರ ಹುಚ್ಚಿತ್ತು?’ ಎಂದು ಕೇಳಿ. ಹುಚ್ಚು ಎಂದೇ ಕೇಳಿ, ಗೀಳು ಎನ್ನಬೇಡಿ. ಒಳ್ಳೆಯ ಕಥೆಗಳು ಸಿಗುತ್ತವೆ.